ಅಪ್ಪೆಹುಳಿಗೆ ಒದಗಿದ ಸೇಬು

ಸಾಗರದ ನಮ್ಮ ಮನೆಯಲ್ಲಿ ಸೇಬು ಅಡುಗೆಮನೆಗೆ ಕಾಲಿಟ್ಟ ಹಣ್ಣೇ ಅಲ್ಲ. ಯಾರಾದರೂ ಆಸ್ಪತ್ರೆಯಲ್ಲಿ ಮಲಗಿದ್ದರೆ ನೋಡಲು ಹೋಗುವಾಗ ನಾಲ್ಕು ಕಟ್ಟಿಸಿಕೊಂಡು ಹೋಗುತ್ತಿದ್ದೆವು. ಹೊರಗೆ ಕೆಂಪಗೆ ಮಿರುಗು, ಕಚ್ಚಿದರೆ ಹಿಟ್ಟು ಹಿಟ್ಟು. ಮಾವಿನ ಹಾಗೆ ಸೇಬಿನಲ್ಲೂ ತಿನ್ನುವ ಜಾತಿ ಬೇರೆ, ಹುಳಿಗೆ ಹಾಕುವ ಜಾತಿ ಬೇರೆ ಎಂದು ತಿಳಿದದ್ದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಗೆ ಬಂದು ಮನೆ ಹೂಡಿದ ಮೇಲೆ.

ಮೊದಲ ವರ್ಷದ ಅಕ್ಟೋಬರಿನಲ್ಲಿ ಪಕ್ಕದ ಮನೆಯ ಅಜ್ಜಿ ಗೇಟಿನ ಹೊರಗೆ ರಟ್ಟಿನ ಪೆಟ್ಟಿಗೆಯೊಂದರ ತುಂಬ ಹಸಿರು ಸೇಬು ಇಟ್ಟಿದ್ದರು. ಬೇಕಾದವರು ಒಯ್ಯಬಹುದು ಎಂಬ ಚೀಟಿ ಬೇರೆ. ಮೂರು ತೂಗಿದರೆ ಒಂದು ಕಿಲೋ, ಅಂಥ ಗಾತ್ರ. ಬಿಟ್ಟಿ ಸಿಕ್ಕಿತೆಂದು ಅಲ್ಲೇ ನಿಂತು ಒಂದನ್ನು ಕಚ್ಚಿದೆ. ಹಲ್ಲೆಲ್ಲ ಜುಮ್ಮೆಂದು ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು. ಅಜ್ಜಿ ಕಿಟಕಿಯ ಆಚೆಯಿಂದ ನಗುತ್ತಿದ್ದರು. ಅದು ಬ್ರಾಮ್ಲಿ, ಬೇಯಿಸುವ ಸೇಬು. ಇಲ್ಲಿನವರು ಅದಕ್ಕೆ ಧಾರಾಳ ಸಕ್ಕರೆ ಹಾಕಿ ಪೈ, ಕ್ರಂಬಲ್ ಮಾಡುತ್ತಾರೆ. ಹಸಿಯಾಗಿ ತಿನ್ನುವವರು ಅಪರೂಪ.

ಆ ಜಾತಿಯ ತವರು ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದ ಸೌತ್‌ವೆಲ್ ಎಂಬ ಊರು. 1809ರಲ್ಲಿ ಮೇರಿ ಆ್ಯನ್ ಬ್ರೇಲ್ಸ್‌ಫರ್ಡ್ ಎಂಬ ಹುಡುಗಿ ಬಿತ್ತಿದ ಬೀಜದಿಂದ ಮೊದಲ ಮರ ಎದ್ದಿತು. ಹೆಸರು ಮಾತ್ರ ಮುಂದೆ ಆ ಮನೆಯನ್ನು ಕೊಂಡ ಕಟುಕ ಮ್ಯಾಥ್ಯೂ ಬ್ರಾಮ್ಲಿಯದು. ಸಸಿ ಮಾರಲು ಕಸಿಕಡ್ಡಿ ಕೇಳಿದ ನರ್ಸರಿಯವನಿಗೆ, ನನ್ನ ಹೆಸರಿಡುವುದಾದರೆ ಕೊಡುತ್ತೇನೆ ಎಂದನಂತೆ. ಬೀಜ ಹಾಕಿದವಳಿಗೆ ಏನೂ ಇಲ್ಲ.

ನನ್ನ ನಾಲಿಗೆ ಮಾತ್ರ ಆ ಹುಳಿಯ ಗುರುತು ಹಿಡಿದಿತ್ತು. ಮಾವಿನಕಾಯಿ ಹಾಕುವಲ್ಲೆಲ್ಲ ಇದನ್ನು ಹಾಕಬಹುದು ಎಂದುಕೊಂಡು ಮರುದಿನವೇ ತುರಿದು ಚಿತ್ರಾನ್ನಕ್ಕೆ ಹೊರಟೆ. ಒಗ್ಗರಣೆಗೆ ಬಿದ್ದ ತುರಿ ಎರಡೇ ನಿಮಿಷದಲ್ಲಿ ಗಂಜಿಯಾಯಿತು, ಅನ್ನ ಮುದ್ದೆಯಾಯಿತು. ಆ ವಾರವೇ ಪಾಯಸಕ್ಕೂ ಹಾಕಿ ಅರ್ಧ ಲೀಟರ್ ಹಾಲು ಒಡೆಸಿದೆ. ಬ್ರಾಮ್ಲಿಯಲ್ಲಿ ಸೇಬಿಗೆ ಹುಳಿ ಕೊಡುವ ಮ್ಯಾಲಿಕ್ ಆಮ್ಲ ಬಹಳ. ಅದರ ಹೋಳು ಬಿಸಿ ತಾಗಿದೊಡನೆ ಉಬ್ಬಿ ನೊರೆಯಂತೆ ಸಡಿಲವಾಗುತ್ತದೆ. ಪೈ ಮಾಡುವವರಿಗೆ ಅದೇ ಬೇಕು, ಚಿತ್ರಾನ್ನಕ್ಕೆ ಅದೇ ಬೇಡ.

ಕರಗುವ ಕಾಯಿಯೇ ಬೇಕಾದ ಅಡುಗೆ ನಮ್ಮಲ್ಲಿಲ್ಲವೇ? ಮಾವಿನಕಾಯಿಯ ತಿಳಿಸಾರು ಅಪ್ಪೆಹುಳಿ ಹೊಳೆದದ್ದು ಆಮೇಲೆ. ದೊಡ್ಡದೊಂದು ಬ್ರಾಮ್ಲಿಯ ಸಿಪ್ಪೆ ತೆಗೆದು, ನಾಲ್ಕು ಹೋಳು ಮಾಡಿ, ಒಂದು ಲೋಟ ನೀರಿನಲ್ಲಿ ಬೇಯಲು ಇಡುತ್ತೇನೆ. ಮಾವಿನಕಾಯಿಯಂತೆ ಬೇಯಿಸಿ, ಆರಿಸಿ, ಕೈಯಲ್ಲಿ ಕಿವುಚುವ ಕೆಲಸವಿಲ್ಲ. ಐದಾರು ನಿಮಿಷಕ್ಕೆ ಹೋಳು ತಾನೇ ಅರಳಿ ಬಿಳಿ ಮೋಡದಂತೆ ನೀರಿನಲ್ಲಿ ನಿಲ್ಲುತ್ತದೆ. ಸೌಟಿನಿಂದ ಒಮ್ಮೆ ತಿರುಗಿಸಿ, ಇನ್ನೂ ಎರಡು ಮೂರು ಲೋಟ ನೀರು, ಉಪ್ಪು, ಚೂರು ಬೆಲ್ಲ, ಸೀಳಿದ ಹಸಿಮೆಣಸು. ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಇಂಗಿನ ಒಗ್ಗರಣೆ. ಇಂಗು ಊರಿನಲ್ಲಿ ಹಾಕುವುದಕ್ಕಿಂತ ಒಂದು ಚಿಟಿಕೆ ಹೆಚ್ಚೇ ಇರಲಿ, ಏಕೆಂದರೆ ಸೇಬಿಗೆ ಸೊನೆಯ ಘಮವಿಲ್ಲ. ಮಲೆನಾಡಿನ ಘಮದ ಮಾವು ಅಪ್ಪೆಮಿಡಿಯ ಜಾಗಕ್ಕೆ ಇದು ಬಂದೀತು ಎಂದು ನಾನು ಹೇಳುವುದಿಲ್ಲ, ಹೇಳಿದರೆ ಅಮ್ಮ ಫೋನ್ ಇಟ್ಟುಬಿಡುತ್ತಾಳೆ. ಆದರೆ ಊಟದ ಕೊನೆಗೆ ಲೋಟಕ್ಕೆ ಸುರಿದುಕೊಂಡು ಕುಡಿಯುವ ಸುಖಕ್ಕೇನೂ ಕೊರತೆಯಿಲ್ಲ.

ತೊಕ್ಕಿಗೂ ಬ್ರಾಮ್ಲಿಯೇ. ನೀರಿನಂಶ ಹೆಚ್ಚಾದ್ದರಿಂದ ತುರಿಗೆ ಉಪ್ಪು ಬೆರೆಸಿ ಅರ್ಧ ಗಂಟೆ ಬಿಟ್ಟು ಹಿಂಡಿ, ಆಮೇಲೆ ಎಳ್ಳೆಣ್ಣೆಯಲ್ಲಿ ಹುರಿಯುತ್ತೇನೆ. ಹಿಂಡಿದ ರಸ ಅಂದಿನ ಸಾರಿಗೆ. ಎಣ್ಣೆ ಬಿಡುವ ಹೊತ್ತಿಗೆ ಮೆಂತ್ಯದ ಪುಡಿ, ಖಾರದ ಪುಡಿ. ಅಜ್ಜಿಗೆ ಒಂದು ಬಾಟಲಿ ಕೊಟ್ಟರೆ ಅವರು ಅದನ್ನು ಚೀಸ್ ಜೊತೆ ಬ್ರೆಡ್ಡಿಗೆ ಹಚ್ಚಿಕೊಂಡು ತಿಂದರು. ನಾನೂ ತಿಂದು ನೋಡಿದೆ, ಚೆನ್ನಾಗಿಯೇ ಇತ್ತು.

ಚಿತ್ರಾನ್ನಕ್ಕೆ, ಕೋಸಂಬರಿಗೆ ಗ್ರ್ಯಾನಿ ಸ್ಮಿತ್. ಆಸ್ಟ್ರೇಲಿಯಾದ ಈ ಹಸಿರು ಸೇಬು ಹುಳಿಯಾದರೂ ಗಟ್ಟಿ, ತುರಿದರೆ ಎಳೆ ಎಳೆಯಾಗಿ ನಿಲ್ಲುತ್ತದೆ. ಒಲೆ ಆರಿಸಿದ ಮೇಲೆ ಹಾಕಬೇಕು, ಅಷ್ಟೇ. ಕೇಸರಿಬಾತಿಗೆ, ಪಾಯಸಕ್ಕೆ ಗಾಲಾದಂಥ ಸಿಹಿ ಜಾತಿ. ಪಾಯಸಕ್ಕಾದರೆ ತುಪ್ಪದಲ್ಲಿ ಬಾಡಿಸಿ, ಪೂರ್ತಿ ಆರಿದ ಮೇಲೆ ತಣ್ಣನೆಯ ಹಾಲಿಗೆ ಸೇರಿಸುತ್ತೇನೆ.

ಸುಮ್ಮನೆ ಕುಳಿತು ತಿನ್ನಲು ನನಗೆ ಕಾಕ್ಸ್ ಬೇಕು. 1820ರ ದಶಕದಲ್ಲಿ ಇಂಗ್ಲೆಂಡಿನ ಸ್ಲೌ ಎಂಬ ಊರಿನ ಬಳಿ ರಿಚರ್ಡ್ ಕಾಕ್ಸ್ ಎಂಬಾತ ಬೆಳೆಸಿದ ಜಾತಿ ಇದು, ನೋಡಲು ಮಂಕು, ಚಿಕ್ಕದು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಬೀಜ ಒಳಗೇ ಗಿಲಕಿಯಂತೆ ಸದ್ದು ಮಾಡಬೇಕು, ಆಗ ಹಣ್ಣಾಗಿದೆ ಎಂದು ಲೆಕ್ಕ. ಸಂತೆಯಲ್ಲಿ ನಾನು ಹಾಗೆ ಅಲ್ಲಾಡಿಸುವಾಗ ಜನ ನೋಡುತ್ತಾರೆ, ನೋಡಲಿ. ಅದರ ನಂತರದ ಸ್ಥಾನ ಎಗ್ರಿಮಾಂಟ್ ರಸೆಟ್‌ಗೆ. ಸಪೋಟದ ಸಿಪ್ಪೆಯ ಹಾಗೆ ಒರಟು ಕಂದು, ಒಳಗೆ ರಸ ಕಡಿಮೆ, ಕಡಲೆಬೀಜದ ಹತ್ತಿರದ ರುಚಿ. ಮಕ್ಕಳು ಮುಟ್ಟುವುದಿಲ್ಲವಾದ್ದರಿಂದ ಪೂರಾ ನನಗೇ.

ಈಗ ಪ್ರತಿ ವರ್ಷ ಅಜ್ಜಿಯ ಮರದಿಂದ ಎರಡು ಪೆಟ್ಟಿಗೆ ಬ್ರಾಮ್ಲಿ ತಂದು, ಪೆಟ್ಟು ಬಿದ್ದವನ್ನು ಅಂದೇ ತೊಕ್ಕು ಮಾಡಿ, ಉಳಿದವನ್ನು ಒಂದಕ್ಕೊಂದು ತಾಗದಂತೆ ಪತ್ರಿಕೆಯಲ್ಲಿ ಸುತ್ತಿ ಹಿತ್ತಿಲ ಶೆಡ್ಡಿನಲ್ಲಿ ಇಡುತ್ತೇನೆ. ವಾರಕ್ಕೊಮ್ಮೆ ಮೂಸಿ ನೋಡಿ ಕೊಳೆತದ್ದನ್ನು ಎಸೆಯಬೇಕು. ಫೆಬ್ರುವರಿಯ ಹೊತ್ತಿಗೆ ಸಿಪ್ಪೆ ಹಳದಿ ತಿರುಗಿ ಎಣ್ಣೆ ಸವರಿದಂತಾಗುತ್ತದೆ, ಹುಳಿಯೂ ಇಳಿಯುತ್ತದೆ. ಆಗಿನ ಅಪ್ಪೆಹುಳಿಗೆ ಬೆಲ್ಲ ಹಾಕುವುದಿಲ್ಲ, ಅರ್ಧ ನಿಂಬೆಹಣ್ಣು ಹಿಂಡುತ್ತೇನೆ.