ಸಿಕಲ್ ಸೆಲ್ ಹೀಮೊಗ್ಲೋಬಿನ್‌ಗಾಗಿ ಪಿಡಿಬಿ ಜಾಲಾಡಿದ್ದು

ಪ್ರೋಟೀನ್‌ಗಳಂಥ ಅಣುಗಳ ಮೂರು ಆಯಾಮದ ರಚನೆಗಳನ್ನು ಕೂಡಿಡುವ ಪ್ರೋಟೀನ್ ಡೇಟಾ ಬ್ಯಾಂಕ್ (ಪಿಡಿಬಿ) 1971ರಲ್ಲಿ ಶುರುವಾದಾಗ ಅದರಲ್ಲಿದ್ದದ್ದು ಏಳೇ ರಚನೆಗಳು. ಈಗ ಎರಡು ಲಕ್ಷ ದಾಟಿವೆ. ಹೀಮೊಗ್ಲೋಬಿನ್ ಎಂದು ಟೈಪ್ ಮಾಡಿದರೆ ಸಾಕು, ರಾಶಿ ರಾಶಿ ಫೈಲುಗಳು ಬಂದು ಬೀಳುತ್ತವೆ. ಅದರಲ್ಲಿ ನಮಗೆ ಬೇಕಾದ್ದು ಯಾವುದು?

ಎಂ.ಎಸ್ಸಿ. ತರಗತಿಯಲ್ಲಿ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಯ ಪಾಠ ಮಾಡಬೇಕಾದಾಗ ನನಗೆ ಈ ಪ್ರಶ್ನೆ ಎದುರಾಯಿತು. ಚಾಮರಾಜನಗರ ಕಡೆಯ ಸೋಲಿಗರಲ್ಲೂ ಈ ಕಾಯಿಲೆ ಇದೆ, ಹಾಗಾಗಿ ನಮ್ಮವರಿಗೆ ಇದು ದೂರದ ವಿಷಯವಲ್ಲ. ಹೀಮೊಗ್ಲೋಬಿನ್ ಅಣುವಿನಲ್ಲಿ ಅಮೈನೊ ಆಮ್ಲಗಳ ನಾಲ್ಕು ಸರಪಳಿಗಳಿವೆ, ಎರಡು ಆಲ್ಫಾ ಎರಡು ಬೀಟಾ. ಬೀಟಾ ಸರಪಳಿಯ 6ನೆಯ ಜಾಗದಲ್ಲಿ ಗ್ಲುಟಾಮಿಕ್ ಆಮ್ಲ ಹೋಗಿ ವ್ಯಾಲೀನ್ ಬಂದರೆ ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ ಎಂದು ಪರೀಕ್ಷೆಯಲ್ಲಿ ಎಲ್ಲರೂ ಬರೆಯುತ್ತಾರೆ. ಯಾಕೆ ಬಾಗುತ್ತದೆ ಎಂಬುದನ್ನು ಪರದೆಯ ಮೇಲೆ ತೋರಿಸುವ ಆಸೆ ನನಗೆ.

ಮೊದಲು ಸಹಜ ಹೀಮೊಗ್ಲೋಬಿನ್ ಆರಿಸಿಕೊಂಡೆ. ಪಿಡಿಬಿಯ ಪ್ರತಿ ಫೈಲಿಗೂ ನಾಲ್ಕಕ್ಷರದ ಗುರುತು ಇರುತ್ತದೆ. ಎಲ್ಲರೂ ಬಳಸುವುದು 1984ರ 4ಎಚ್‌ಎಚ್‌ಬಿ, ರೆಸಲ್ಯೂಶನ್ (ಎಷ್ಟು ಸೂಕ್ಷ್ಮವಾಗಿ ಕಾಣುತ್ತದೆ ಎಂಬ ಅಳತೆ, ಅಂಕಿ ಚಿಕ್ಕದಾದಷ್ಟು ಒಳ್ಳೆಯದು; ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರ್‌ನ ಕೋಟಿಯಲ್ಲೊಂದು ಭಾಗ) 1.74 ಆಂಗ್‌ಸ್ಟ್ರಾಮ್. ಒಳ್ಳೆಯ ಕೆಲಸವೇ, ಆದರೆ ಅದರಲ್ಲಿ ಆರ್-ಫ್ರೀ ಎಂಬ ಅಂಕಿ ಇಲ್ಲ. ರಚನೆ ರೂಪಿಸುವಾಗ ಬಳಸದೆ ಬದಿಗಿಟ್ಟ ಮಾಹಿತಿಗೆ ಅದು ಎಷ್ಟು ಹೊಂದುತ್ತದೆ ಎಂದು ಹೇಳುವ ಅಂಕಿ ಅದು. ಆ ಪರೀಕ್ಷೆ ಬಳಕೆಗೆ ಬಂದದ್ದೇ 1992ರಲ್ಲಿ. ನಾನು 1.25 ಆಂಗ್‌ಸ್ಟ್ರಾಮ್‌ನ 2ಡಿಎನ್2 ತೆಗೆದುಕೊಂಡೆ. ಆಮ್ಲಜನಕ ಬಿಟ್ಟುಕೊಟ್ಟ ಸ್ಥಿತಿಯದು ಅದು. ಸಿಕಲ್ ಹೀಮೊಗ್ಲೋಬಿನ್ ಎಳೆಗಟ್ಟುವುದು ಆ ಸ್ಥಿತಿಯಲ್ಲೇ, ಆದ್ದರಿಂದ ಹೋಲಿಕೆಗೂ ಅದೇ ಬೇಕು. ಯಾವ ಫೈಲ್ ತೆಗೆದರೂ ಅದರ ಗುಣಮಟ್ಟ ಹೇಳುವ ವ್ಯಾಲಿಡೇಶನ್ ವರದಿಯಲ್ಲಿ ರಾಮಚಂದ್ರನ್ ನಕ್ಷೆಯ (ಪ್ರೋಟೀನ್ ಸರಪಳಿಯ ತಿರುವುಗಳು ಸಾಧ್ಯವಾದವೇ ಎಂದು ತೋರಿಸುವ ನಕ್ಷೆ) ಸಾಲನ್ನು ನೋಡದೆ ಮುಂದೆ ಹೋಗುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲಾರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದ ಅದೇ ಜಿ.ಎನ್. ರಾಮಚಂದ್ರನ್. ಹೇಳಿಕೊಳ್ಳಲು ನನಗೆ ಸ್ವಲ್ಪ ಹೆಮ್ಮೆ!

ಸಿಕಲ್ ರೂಪಕ್ಕೆ 1997ರ 2ಎಚ್‌ಬಿಎಸ್, 2.05 ಆಂಗ್‌ಸ್ಟ್ರಾಮ್. ಇಲ್ಲಿ ಸಂಖ್ಯೆಯ ತಕರಾರು ಶುರು. ಪ್ರೋಟೀನ್‌ಗಳ ಅಮೈನೊ ಆಮ್ಲ ಸರಣಿಗಳ ಸಂಗ್ರಹವಾದ ಯೂನಿಪ್ರಾಟ್‌ನಲ್ಲಿ ಸರಪಳಿ ತಯಾರಾದ ಮೇಲೆ ಕಳಚಿಹೋಗುವ ಮೊದಲ ಮೆಥಿಯೊನೀನ್ ಕೂಡ ಲೆಕ್ಕಕ್ಕೆ ಬರುತ್ತದೆ, ಆದ್ದರಿಂದ ಅಲ್ಲಿ ಈ ಬದಲಾವಣೆ 7ನೆಯದು. ಆ 7ನ್ನು ಹಿಡಿದು 2ಎಚ್‌ಬಿಎಸ್ ಒಳಗೆ ಹುಡುಕಿದರೆ ಗ್ಲುಟಾಮಿಕ್ ಆಮ್ಲವೇ ಸಿಗುತ್ತದೆ, ಏಕೆಂದರೆ ಸಹಜ ಸರಪಳಿಯಲ್ಲಿ 6 ಮತ್ತು 7ನೆಯ ಜಾಗ ಎರಡರಲ್ಲೂ ಗ್ಲುಟಾಮಿಕ್ ಆಮ್ಲವೇ ಇದೆ. ಬದಲಾವಣೆ ಆಗಿಯೇ ಇಲ್ಲ ಅನ್ನಿಸಿಬಿಡುತ್ತದೆ. ಬರೀ ಸಂಖ್ಯೆಯನ್ನು ನಂಬದೆ ಅಕ್ಕಪಕ್ಕದ ನಾಲ್ಕಾರು ಅಮೈನೊ ಆಮ್ಲಗಳನ್ನು ಓದಿ ಜಾಗ ಗುರುತಿಸುವುದು ನನ್ನ ರೂಢಿ.

ಫೈಲ್ ಶುಚಿ ಮಾಡುತ್ತೇವೆಂದು ಹೆಟ್‌ಆಟಮ್ ಸಾಲುಗಳನ್ನೆಲ್ಲ (ಮಾಮೂಲಿ ಅಮೈನೊ ಆಮ್ಲ, ನ್ಯೂಕ್ಲಿಯೊಟೈಡ್ ಅಲ್ಲದವುಗಳ ಪರಮಾಣುಗಳನ್ನು ಬರೆದ ಸಾಲುಗಳು) ಅಳಿಸುವವರಿದ್ದಾರೆ. ಹೀಮೊಗ್ಲೋಬಿನ್‌ನಲ್ಲಿ ಹಾಗೆ ಮಾಡಿದರೆ ಆಮ್ಲಜನಕ ಹಿಡಿಯುವ ಕಬ್ಬಿಣದ ಭಾಗವಾದ ಹೀಮೇ ಹೋಗುತ್ತದೆ. ಯೀಸ್ಟ್‌ನ ಟಿ-ಆರ್‌ಎನ್‌ಎ (ಪ್ರೋಟೀನ್ ಕಟ್ಟುವಾಗ ಅಮೈನೊ ಆಮ್ಲ ಹೊತ್ತು ತರುವ ಅಣು) ಇರುವ 1ಇಎಚ್‌ಝಡ್‌ನಲ್ಲಿ ಇನ್ನೂ ಅನಾಹುತ: ಮಾರ್ಪಾಡಾದ ಬೇಸ್‌ಗಳೆಲ್ಲ ಆ ಸಾಲುಗಳಲ್ಲೇ ಇರುವುದರಿಂದ 76 ನ್ಯೂಕ್ಲಿಯೊಟೈಡ್‌ಗಳ ಸರಪಳಿ ಅಲ್ಲಲ್ಲಿ ತುಂಡಾಗುತ್ತದೆ.

ಎರಡು ಹೀಮೊಗ್ಲೋಬಿನ್‌ಗಳನ್ನೂ ಅಣುಗಳ ರಚನೆ ತೋರಿಸುವ ಪೈಮಾಲ್ ತಂತ್ರಾಂಶದಲ್ಲಿ ಒಂದರ ಮೇಲೊಂದು ಕೂರಿಸಿದೆ. ಹೆಚ್ಚುಕಡಿಮೆ ಒಂದೇ ಆಕಾರ! ಅಣು ತಿರುಚಿಕೊಂಡಿಲ್ಲ, ಬಾಗಿಯೂ ಇಲ್ಲ. ಹಾಗಾದರೆ ರೋಗ ಎಲ್ಲಿದೆ?

ಈ ರಚನೆಗಳನ್ನು ಕಂಡುಕೊಂಡದ್ದು ಪ್ರೋಟೀನನ್ನು ಹರಳುಗಟ್ಟಿಸಿ. ಹರಳಿನಲ್ಲಿ ಪಕ್ಕಪಕ್ಕದ ಅಣುಗಳು ಒಂದಕ್ಕೊಂದು ತಾಗುವುದು ಸಾಮಾನ್ಯವಾಗಿ ಹರಳುಗಟ್ಟಿದ್ದರಿಂದ ಆದದ್ದು, ಜೀವಕೋಶಕ್ಕೆ ಸಂಬಂಧವಿಲ್ಲ ಎಂದು ಬಿಟ್ಟುಬಿಡುತ್ತೇವೆ. ಫೈಲಿನಲ್ಲಿರುವುದು ಯಾವಾಗಲೂ ಒಂದು ಪೂರ್ತಿ ಅಣುವೇ ಆಗಿರಬೇಕೆಂದಿಲ್ಲ. ಇನ್ನೊಂದು ಹೀಮೊಗ್ಲೋಬಿನ್ ಫೈಲಾದ 1ಎಚ್‌ಎಚ್‌ಒ ನೋಡಿ: ಅದರಲ್ಲಿ ಬರೆದಿರುವುದು ಅರ್ಧ ಹೀಮೊಗ್ಲೋಬಿನ್ ಮಾತ್ರ, ಒಂದು ಆಲ್ಫಾ ಒಂದು ಬೀಟಾ. ಪೂರ್ತಿ ಬೇಕಾದರೆ ಬಯಾಲಾಜಿಕಲ್ ಅಸೆಂಬ್ಲಿ ಎಂಬ ಬೇರೆ ಫೈಲ್ ಇಳಿಸಿಕೊಳ್ಳಬೇಕು. 2ಎಚ್‌ಬಿಎಸ್‌ನಲ್ಲಿ ಲೆಕ್ಕ ತಿರುಗಾಮುರುಗಾ. ಮೂಲ ಫೈಲಿನಲ್ಲಿ ಎರಡು ಹೀಮೊಗ್ಲೋಬಿನ್‌ಗಳು, ಒಟ್ಟು ಎಂಟು ಸರಪಳಿಗಳಿವೆ. ಒಂದೇ ಅಣು ಸಾಕೆಂದು ಇನ್ನೊಂದನ್ನು ತೆಗೆದುಹಾಕಿದರೆ ನಾವು ಹುಡುಕುತ್ತಿರುವುದೇ ಕೈತಪ್ಪುತ್ತದೆ.

ನಾಲ್ಕೂ ಬೀಟಾ ಸರಪಳಿಗಳ 6ನೆಯ ವ್ಯಾಲೀನ್ ಗುರುತಿಸಿ, ಪ್ರತಿಯೊಂದರ ಸುತ್ತ ಐದು ಆಂಗ್‌ಸ್ಟ್ರಾಮ್ ಒಳಗೆ ಬೇರೆ ಅಣುವಿನ ಭಾಗ ಏನಾದರೂ ಇದೆಯೇ ಎಂದು ಹುಡುಕಿದೆ. ಒಂದು ವ್ಯಾಲೀನ್ ಪಕ್ಕದ ಹೀಮೊಗ್ಲೋಬಿನ್‌ನ ಬೀಟಾ ಸರಪಳಿಯ ಗುಳಿಯೊಂದರಲ್ಲಿ, 85ನೆಯ ಫಿನೈಲ್‌ಅಲನೀನ್ ಮತ್ತು 88ನೆಯ ಲ್ಯೂಸೀನ್ ಬಳಿ ಹೋಗಿ ಕೂತಿದೆ. ನೀರನ್ನು ದೂರವಿಡುವ ಮೂರೂ ಒಂದೆಡೆ ಸೇರಿವೆ. ಗ್ಲುಟಾಮಿಕ್ ಆಮ್ಲಕ್ಕೆ ವಿದ್ಯುದಂಶ ಇರುವುದರಿಂದ ಆ ಗುಳಿ ಅದಕ್ಕೆ ಒಗ್ಗುವುದಿಲ್ಲ. ಹೀಗೆ ಒಂದಕ್ಕೊಂದು ಅಂಟುತ್ತ ಹೋಗಿ ಎಳೆಯಾಗುತ್ತದೆ, ಎಳೆಗಳು ಸೇರಿ ನಾರಾಗುತ್ತವೆ, ಕಣವನ್ನು ಬಾಗಿಸುವುದು ಆ ನಾರು. ಒಂದು ಅಣುವಿನ ಎರಡು 6ನೆಯ ವ್ಯಾಲೀನ್‌ಗಳಲ್ಲಿ ಈ ಅಂಟಿಗೆ ಬಳಕೆಯಾಗುವುದು ಒಂದೇ ಎಂಬುದೂ ಅಲ್ಲೇ ಕಾಣುತ್ತದೆ.

ಕಂಪ್ಯೂಟರ್ ಊಹಿಸಿದ ರಚನೆಗಳ ಆಲ್ಫಾಫೋಲ್ಡ್ ಡೇಟಾಬೇಸ್ ಇರುವಾಗ ಇಷ್ಟೆಲ್ಲ ಯಾಕೆ ಸಾರ್ ಎಂದು ಹುಡುಗರು ಕೇಳುತ್ತಾರೆ. ಇಪ್ಪತ್ತು ಕೋಟಿಗೂ ಹೆಚ್ಚು ಊಹಿಸಿದ ರಚನೆಗಳು ಅಲ್ಲಿವೆ ನಿಜ, ನಾನೂ ಬಳಸುತ್ತೇನೆ. ಆದರೆ ಬೀಟಾ ಗ್ಲೋಬಿನ್ ಪುಟ ತೆರೆದು ಹೀಮ್ ಎಲ್ಲಿದೆ ತೋರಿಸಿ ಅನ್ನುತ್ತೇನೆ. ಅಲ್ಲಿರುವುದು ಒಂಟಿ ಸರಪಳಿ. ಹೀಮ್ ಇಲ್ಲ, ಜೊತೆಗಾರ ಆಲ್ಫಾ ಇಲ್ಲ, ಪಕ್ಕದ ಅಣುವಂತೂ ಇಲ್ಲವೇ ಇಲ್ಲ.