ಸೂಜಿ ಚುಚ್ಚಿದಾಗ ಮೊದಲು ಕೇಳಬೇಕಾದದ್ದು

ಆಸ್ಪತ್ರೆಯಲ್ಲಿ ಸೋಂಕು ನಿಯಂತ್ರಣದ ಹೊಣೆ ಹೊತ್ತಾಗ ನನ್ನ ಕೈಗೆ ಬಂದದ್ದು ಸೂಜಿ ಚುಚ್ಚಿದ ಘಟನೆಗಳನ್ನು ಬರೆದಿಡುವ ರಿಜಿಸ್ಟರ್. ಅದು ಹೆಚ್ಚುಕಡಿಮೆ ಖಾಲಿಯಾಗಿತ್ತು. ಅದನ್ನು ನೋಡಿ ಆಡಳಿತದವರಿಗೆ ಸಮಾಧಾನ, ನನಗೆ ಅನುಮಾನ. ಹಗಲೂ ರಾತ್ರಿ ಇಂಜೆಕ್ಷನ್, ಡ್ರಿಪ್, ರಕ್ತದ ಮಾದರಿ ಎಂದು ಸೂಜಿ ಹಿಡಿಯುವ ಕಡೆ ಯಾರಿಗೂ ಚುಚ್ಚುವುದಿಲ್ಲ ಎಂದರೆ ನಂಬುವವರು ಯಾರು?

ಉತ್ತರ, ಘಟನೆ ತಿಳಿಸಲು ತುಂಬಬೇಕಿದ್ದ ಅರ್ಜಿಯಲ್ಲೇ ಇತ್ತು. ಚುಚ್ಚಿಸಿಕೊಂಡವರು ತಮ್ಮ ಹೆಸರು, ಹುದ್ದೆ ಬರೆದು, ‘ಮುನ್ನೆಚ್ಚರಿಕೆ ವಹಿಸದಿರಲು ಕಾರಣ’ ಎಂಬ ಸಾಲನ್ನು ತುಂಬಿ, ಮೇಲಿನವರ ಸಹಿ ಪಡೆಯಬೇಕಿತ್ತು. ತಪ್ಪೊಪ್ಪಿಗೆ ಬರೆದುಕೊಡಿ ಎಂದರೆ ಯಾರು ಬರುತ್ತಾರೆ? ಕೈ ತೊಳೆದುಕೊಂಡು, ಬ್ಯಾಂಡೇಜ್ ಸುತ್ತಿಕೊಂಡು, ತಿಂಗಳುಗಟ್ಟಲೆ ಒಳಗೊಳಗೇ ಹೆದರುತ್ತಿದ್ದರು. ನಾನು ಆ ಸಾಲನ್ನು ತೆಗೆಸಿದೆ. ಅದರ ಬದಲು ನಾಲ್ಕು ಪ್ರಶ್ನೆ: ಎಲ್ಲಿ ಚುಚ್ಚಿತು, ಯಾವ ಸೂಜಿ, ಆಗ ಏನು ಮಾಡುತ್ತಿದ್ದಿರಿ, ಡಬ್ಬಿ ಎಷ್ಟು ದೂರದಲ್ಲಿತ್ತು. ಹೆಸರು ಚಿಕಿತ್ಸೆಯ ಕಡತದಲ್ಲಿ ಮಾತ್ರ ಉಳಿಯಿತು, ಸಭೆಗೆ ಬರಲಿಲ್ಲ.

ರಿಜಿಸ್ಟರ್ ತುಂಬತೊಡಗಿತು. ‘ನೀವು ಬಂದ ಮೇಲೆ ಪ್ರಕರಣಗಳು ಹೆಚ್ಚಾಗಿವೆಯಲ್ಲ’ ಎಂದು ಸಭೆಯಲ್ಲಿ ಒಬ್ಬರು ಕೇಳಿಯೇ ಬಿಟ್ಟರು. ಹೆಚ್ಚಾದದ್ದು ಚುಚ್ಚುವುದಲ್ಲ, ಬರೆಯುವುದು ಎಂದು ವಿವರಿಸುವುದರಲ್ಲಿ ಆ ಸಭೆ ಮುಗಿಯಿತು.

ನಾಲ್ಕನೆಯ ಪ್ರಶ್ನೆಯೇ ಹೆಚ್ಚು ಕೆಲಸಕ್ಕೆ ಬಂತು. ಬಳಸಿದ ಸೂಜಿಯನ್ನು ಹಾಕುವ ಡಬ್ಬಿ ನರ್ಸ್‌ಗಳ ಮೇಜಿನ ಪಕ್ಕದಲ್ಲಿತ್ತು, ರೋಗಿ ವಾರ್ಡಿನ ಆ ತುದಿಯಲ್ಲಿ. ಇಂಜೆಕ್ಷನ್ ಕೊಟ್ಟ ಸಿಸ್ಟರ್ ತೆರೆದ ಸೂಜಿ ಹಿಡಿದು ಹಾಸಿಗೆಗಳ ನಡುವೆ ನಡೆದು ಬರಬೇಕು. ದಾರಿಯಲ್ಲಿ ರೋಗಿಯ ಸಂಬಂಧಿಕರು ಅಡ್ಡ ಬರುತ್ತಾರೆ, ಯಾರೋ ಕೈ ಹಿಡಿದು ಏನೋ ಕೇಳುತ್ತಾರೆ. ಹಾಗಾಗಿ ಆಕೆ ಸೂಜಿಗೆ ಕ್ಯಾಪ್ ಹಾಕುತ್ತಾಳೆ, ಹಾಕುವಾಗ ಇನ್ನೊಂದು ಕೈಯ ಬೆರಳಿಗೆ ಚುಚ್ಚಿಕೊಳ್ಳುತ್ತಾಳೆ. ಅವಳ ತಲೆಯ ಮೇಲಿನ ಗೋಡೆಯಲ್ಲಿ ‘ಸೂಜಿಗೆ ಮತ್ತೆ ಕ್ಯಾಪ್ ಹಾಕಬೇಡಿ’ ಎಂಬ ಪೋಸ್ಟರ್! ಎಷ್ಟು ತರಬೇತಿ ಕೊಟ್ಟರೂ ಇಷ್ಟು ದೂರವನ್ನು ದಾಟಲಾಗದು. ಡಬ್ಬಿಯನ್ನೇ ಟ್ರಾಲಿಗೆ ಕಟ್ಟಿಸಿದೆವು. ಕೈ ಚಾಚಿದರೆ ಸಿಗಬೇಕು, ಡಬ್ಬಿಯ ಬಾಯಿ ಕಣ್ಣಿನ ಮಟ್ಟಕ್ಕಿಂತ ಕೆಳಗಿರಬೇಕು, ಸೂಜಿ ಬೀಳುವುದು ಕಾಣಬೇಕು.

ಆಮೇಲೆ ಇನ್ನೊಂದು ಸಮಸ್ಯೆ. ಒಂದು ರಾತ್ರಿ ಪಾಳಿಯಲ್ಲಿ ಸುತ್ತು ಹಾಕುವಾಗ ಡಬ್ಬಿಯೊಂದು ಬಾಯಿಮಟ್ಟ ತುಂಬಿ, ಸಿರಿಂಜ್‌ಗಳ ಹಿಡಿಕೆಗಳು ಹೊರಗೆ ಚಾಚಿಕೊಂಡಿದ್ದವು. ಮುಂದಿನವರು ತಮ್ಮ ಸಿರಿಂಜನ್ನು ಬೆರಳಿನಿಂದ ಒಳಗೆ ಒತ್ತಿದ್ದರು. ಮುಕ್ಕಾಲು ಭಾಗ ತುಂಬುತ್ತಲೇ ಬದಲಿಸಬೇಕೆಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಉಗ್ರಾಣಕ್ಕೆ ರಾತ್ರಿ ಬೀಗ. ಟ್ರಾಲಿಯ ಕೆಳಗಿನ ಹಲಗೆಯಲ್ಲಿ ಸದಾ ಒಂದು ಖಾಲಿ ಡಬ್ಬಿ ಇರಬೇಕೆಂದು ಮಾಡಿದ ಮೇಲೆ ಆ ತೊಂದರೆ ನಿಂತಿತು. ನನ್ನ ಯಾವ ಉಪನ್ಯಾಸಕ್ಕೂ ಅಷ್ಟು ಫಲ ಸಿಕ್ಕಿರಲಿಲ್ಲ ಎಂಬುದನ್ನು ನಗುತ್ತಲೇ ಹೇಳುತ್ತೇನೆ.

ನಾನು ನಿರೀಕ್ಷಿಸದೆ ಇದ್ದದ್ದು ಸ್ವಚ್ಛತೆಯವರ ಪ್ರಕರಣಗಳು. ಅವರು ಸೂಜಿ ಬಳಸುವವರೇ ಅಲ್ಲ. ಕಸದ ಚೀಲ ಎತ್ತುವಾಗ ತೊಡೆಗೆ, ಮಾಸಿದ ಚಾದರ ಸುತ್ತುವಾಗ ಅಂಗೈಗೆ ಚುಚ್ಚಿಸಿಕೊಂಡವರು. ಬೇರೆಯವರು ಬಿಟ್ಟ ಸೂಜಿ, ಯಾವ ರೋಗಿಯದೆಂದೂ ಗೊತ್ತಿಲ್ಲ. ಗುತ್ತಿಗೆಯ ಮೇಲೆ ಬಂದವರಾದ್ದರಿಂದ ಇವರು ಲಸಿಕೆಯ ಪಟ್ಟಿಯಲ್ಲೂ ಇರಲಿಲ್ಲ.

ಇಲ್ಲಿ ಲೆಕ್ಕ ಹೇಳಲೇಬೇಕು. ಸೂಜಿ ಚುಚ್ಚಿದೊಡನೆ ಎಲ್ಲರೂ ಹೆದರುವುದು ಎಚ್‌ಐವಿಗೆ. ಆ ಸೋಂಕಿರುವ ರೋಗಿಯ ಸೂಜಿ ಚುಚ್ಚಿದಾಗ ಅದು ತಗಲುವ ಸಾಧ್ಯತೆ ಸರಾಸರಿ ಶೇ 0.3. ಯಕೃತ್ತಿಗೆ ತಗಲುವ ಸೋಂಕಾದ ಹೆಪಟೈಟಿಸ್ ಬಿ ಇರುವ ರೋಗಿಯ ಸೂಜಿ ಚುಚ್ಚಿದರೆ, ಲಸಿಕೆ ಪಡೆಯದವರಿಗೆ ಅದು ತಗಲುವ ಸಾಧ್ಯತೆ ಶೇ 6ರಿಂದ 30. ತಡೆಯುವ ಲಸಿಕೆ ಇರುವುದೂ ಈ ಎರಡನೆಯದಕ್ಕೇ. ಮೂರು ಡೋಸ್: ಮೊದಲನೆಯದು, ಒಂದು ತಿಂಗಳ ನಂತರ ಎರಡನೆಯದು, ಆರನೆಯ ತಿಂಗಳಿಗೆ ಮೂರನೆಯದು. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ರಕ್ತ ಪರೀಕ್ಷಿಸಿ ಸೋಂಕಿನೊಡನೆ ಹೋರಾಡುವ ಪ್ರತಿಕಾಯದ ಮಟ್ಟ ಲೀಟರಿಗೆ 10 ಯೂನಿಟ್ ದಾಟಿದೆಯೇ ಎಂದು ನೋಡಬೇಕು. ಇಷ್ಟನ್ನು ಗುತ್ತಿಗೆದಾರರೂ ಆಡಳಿತವೂ ಒಬ್ಬರ ಮೇಲೊಬ್ಬರು ಹಾಕುತ್ತಾ ಕೂತರು. ಕೊನೆಗೆ ಖರ್ಚನ್ನು ಆಸ್ಪತ್ರೆಯೇ ಹೊತ್ತಿತು. ಮೂರನೆಯ ಡೋಸಿಗೆ ಜನರನ್ನು ಹುಡುಕಿ ತರುವುದೇ ದೊಡ್ಡ ಕೆಲಸವಾಯಿತು. ಅಷ್ಟರಲ್ಲಿ ಕೆಲವರು ಬೇರೆ ಕಡೆ ಹೋಗಿಬಿಟ್ಟಿದ್ದರು. ಅಂಥವರ ಕೈಯಲ್ಲೇ ಲಸಿಕೆಯ ಚೀಟಿ ಇರಲೆಂದು ಈಗ ಮೊದಲ ಡೋಸಿನ ದಿನವೇ ಕೊಡುತ್ತೇನೆ.

ಚುಚ್ಚಿದ ಕ್ಷಣದಲ್ಲಿ ಏನು ಮಾಡಬೇಕೆಂಬುದನ್ನು ಗುರುತಿನ ಚೀಟಿಯ ಹಿಂಬದಿಗೆ ಅಂಟಿಸಿದೆವು. ಸೋಪು ಹಚ್ಚಿ ನೀರಿನಲ್ಲಿ ತೊಳೆಯಿರಿ, ಹಿಂಡಬೇಡಿ, ಬ್ಲೀಚ್ ಹಾಕಬೇಡಿ, ಕೂಡಲೇ ತಿಳಿಸಿ. ಎಚ್‌ಐವಿ ತಡೆಯುವ ಮಾತ್ರೆಗಳನ್ನು ಬೇಕಾದವರಿಗೆ ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಗಳೊಳಗೆ ಶುರು ಮಾಡಿ 28 ದಿನ ಕೊಡಬೇಕು. ಔಷಧ ವಿಭಾಗ ಬೆಳಿಗ್ಗೆ ತೆರೆಯಲಿ ಎಂದು ಕಾಯುವುದು ಸಲ್ಲದು. ಆದ್ದರಿಂದ ಮೊದಲ ಡೋಸುಗಳ ಪೊಟ್ಟಣವನ್ನು ತುರ್ತು ಚಿಕಿತ್ಸಾ ವಿಭಾಗದಲ್ಲೇ ಇಟ್ಟಿದ್ದೇವೆ.

ಕೈಗವಸಿನ ಬಗ್ಗೆ ಒಂದು ಮಾತು. ಅದು ಸೂಜಿಯನ್ನು ತಡೆಯುವುದಿಲ್ಲ. ಸೂಜಿಯ ಮೇಲಿನ ರಕ್ತವನ್ನು ಸ್ವಲ್ಪ ಒರೆಸುತ್ತದೆ, ಅಷ್ಟೇ. ಎರಡು ಜೊತೆ ಹಾಕಿದ್ದೇನೆ ಎಂಬ ಧೈರ್ಯ ಒಳ್ಳೆಯದಲ್ಲ.

ಇದೇ ಬಗೆಯ ಪ್ರಶ್ನೆಗಳನ್ನು ಸೊಂಟ ನೋವಿನ ಬಗ್ಗೆಯೂ ಕೇಳಿದೆ. ಸ್ಟ್ರೆಚರ್‌ನಿಂದ ಹಾಸಿಗೆಗೆ ರೋಗಿಯನ್ನು ಸಾಗಿಸುವಾಗ ಬೆನ್ನು ಹಿಡಿದುಕೊಂಡವರು ಎಷ್ಟು ಜನ! ‘ಸರಿಯಾಗಿ ಬಗ್ಗಿ’ ಎನ್ನುವ ಬದಲು ಆ ಸ್ಟ್ರೆಚರ್ ನೋಡಿದೆ. ಬ್ರೇಕ್ ಕೆಲಸ ಮಾಡುತ್ತಿರಲಿಲ್ಲ, ಎತ್ತರ ಹಾಸಿಗೆಗೆ ಹೊಂದುತ್ತಿರಲಿಲ್ಲ. ರೋಗಿಯ ಕೆಳಗೆ ಹಾಸುವ ಜಾರುವ ಹಾಳೆಗಳನ್ನು ತರಿಸಿದ ಮೇಲೆ ಎತ್ತುವ ಬದಲು ಎಳೆಯುವುದು ಸಾಧ್ಯವಾಯಿತು.

ಈಗ ನನ್ನ ಜಗಳ ಆಪರೇಷನ್ ಥಿಯೇಟರಿನದು. ಅಲ್ಲಿ ಸೂಜಿ, ಚಾಕುಗಳು ಕೈಯಿಂದ ಕೈಗೆ ಹೋಗುತ್ತವೆ. ನಡುವೆ ಒಂದು ಟ್ರೇ ಇಟ್ಟು ಒಬ್ಬರು ಇಟ್ಟದ್ದನ್ನು ಇನ್ನೊಬ್ಬರು ಎತ್ತಿಕೊಳ್ಳಲಿ ಎಂದರೆ ಕೆಲಸದ ಲಯ ಕೆಡುತ್ತದೆ ಎನ್ನುತ್ತಾರೆ. ಹಿರಿಯ ಸರ್ಜನ್ ಒಬ್ಬರು ಒಪ್ಪಿ ನಡೆಸುತ್ತಿದ್ದಾರೆ, ಲಯ ಅಷ್ಟೇನೂ ಕೆಟ್ಟಿಲ್ಲ. ಮೊಂಡು ಮೊನೆಯ ಹೊಲಿಗೆ ಸೂಜಿ ಬಳಸಿ ಎಂದರೆ, ಅದನ್ನು ಚರ್ಮಕ್ಕೆ ಬಳಸಲಾಗದು ಎನ್ನುತ್ತಾರೆ ಥಿಯೇಟರಿನವರು. ಆ ಮಾತು ನಿಜ. ಒಳಗಿನ ಸ್ನಾಯು, ಪೊರೆಗಳನ್ನು ಹೊಲಿಯಲು ಅದು ಸಾಕು, ಸಹಾಯಕರ ಬೆರಳಿಗೆ ಚುಚ್ಚುವುದೂ ಹೆಚ್ಚಾಗಿ ಆ ಹಂತದಲ್ಲೇ. ಆ ಸೂಜಿಗಳ ಬೇಡಿಕೆ ಪಟ್ಟಿ ಸದ್ಯ ಖರೀದಿ ವಿಭಾಗದ ಮೇಜಿನ ಮೇಲಿದೆ.