ಪೆಟ್ಟು ಬಿದ್ದಿದೆ, ಕೇಸಿಗೆ ಎಷ್ಟು ಸಮಯ ಇದೆ?

ಬೇಲಿ ಜಗಳವೋ, ಬಸ್‌ಸ್ಟ್ಯಾಂಡಿನ ಗಲಾಟೆಯೋ, ಪೆಟ್ಟು ಬಿದ್ದ ಮೇಲೆ ನಮ್ಮ ಕಾಸರಗೋಡಿನಲ್ಲಿ ಮೊದಲು ಶುರುವಾಗುವುದು ರಾಜಿ ಮಾತು. ಅದು ತಪ್ಪಲ್ಲ. ಆದರೆ ಮಾತುಕತೆ ನಡೆಯುತ್ತಿದೆ ಎಂದು ಕಾನೂನಿನ ಗಡುವು ನಿಲ್ಲುವುದಿಲ್ಲ. ಹಿರಿಯರು “ಅಡಿಕೆ ಕೊಯ್ಲು ಮುಗಿಯಲಿ, ಆಮೇಲೆ ಕೂತು ಮಾತಾಡುವ” ಎನ್ನುತ್ತಿರುವಾಗಲೇ ವರ್ಷ ಕಳೆದಿರುತ್ತದೆ. ಕಪಾಳಕ್ಕೆ ಹೊಡೆದ ಕೇಸಿಗೆ ಇರುವುದೇ ಒಂದು ವರ್ಷ.

ಮೊದಲು ಆಸ್ಪತ್ರೆ

ಗಾಯ ಸಣ್ಣದಾದರೂ ಅದೇ ದಿನ ಡಾಕ್ಟರಿಗೆ ತೋರಿಸಿ. ಯಾರು, ಎಲ್ಲಿ, ಯಾವುದರಿಂದ ಹೊಡೆದರು ಎಂದು ಹೇಳಿ ಬರೆಸಿ. ಮರ್ಯಾದೆಗೆ ಅಂಜಿ “ಮೆಟ್ಟಿಲಲ್ಲಿ ಜಾರಿ ಬಿದ್ದೆ” ಎಂದರೆ, ಮುಂದೆ ಎದುರು ಪಕ್ಷದ ವಕೀಲರು ಆ ಚೀಟಿಯನ್ನೇ ಹಿಡಿದು ನಿಮ್ಮನ್ನು ಕೇಳುತ್ತಾರೆ.

ಮಂಗಳೂರಿನ ಆಸ್ಪತ್ರೆಗೆ ಹೋದರೆ ಕೇಸು ಏನಾಗುತ್ತದೋ ಎಂಬ ಹೆದರಿಕೆ ಬೇಡ. ಪೊಲೀಸರು ನೇರವಾಗಿ ದಾಖಲಿಸಬಹುದಾದ ಅಪರಾಧವಾದರೆ ತಲಪಾಡಿ ಗಡಿಯ ಆಚೆಗಿನ ಠಾಣೆಯಲ್ಲೂ ದೂರು ಕೊಡಬಹುದು. ಇದಕ್ಕೇ ಝೀರೋ ಎಫ್‌ಐಆರ್ ಎನ್ನುವುದು. ಅದು ಅಲ್ಲಿಂದ ಘಟನೆ ನಡೆದ ಊರಿನ ಠಾಣೆಗೆ ಬರುತ್ತದೆ.

ನಿಮ್ಮ ಗಡುವು ಯಾವುದು?

2024ರ ಜುಲೈ 1ರಿಂದ ನಡೆದ ಘಟನೆಗಳಿಗೆ ಭಾರತೀಯ ನ್ಯಾಯ ಸಂಹಿತೆ (ಅಪರಾಧ, ಶಿಕ್ಷೆ ಹೇಳುವ ಕಾನೂನು) ಅನ್ವಯ. ಗಡುವಿನ ಲೆಕ್ಕ ಇರುವುದು ಕೇಸು ನಡೆಸುವ ಕ್ರಮ ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ 514ನೇ ಸೆಕ್ಷನ್‌ನಲ್ಲಿ. ಅಪರಾಧಕ್ಕೆ ಗರಿಷ್ಠ ಶಿಕ್ಷೆ ಎಷ್ಟು ಎಂದು ನೋಡಬೇಕು. ಬರೀ ದಂಡವಾದರೆ 6 ತಿಂಗಳು. ಒಂದು ವರ್ಷದವರೆಗೆ ಜೈಲಾದರೆ 1 ವರ್ಷ. ಮೂರು ವರ್ಷದವರೆಗಾದರೆ 3 ವರ್ಷ. ಅದಕ್ಕಿಂತ ಹೆಚ್ಚಿನ ಶಿಕ್ಷೆಯಾದರೆ ಗಡುವೇ ಇಲ್ಲ.

ಕೈಯಲ್ಲಿ ಹೊಡೆದು ಊತ, ತರಚು ಗಾಯ ಆಗಿದೆಯೇ? ನ್ಯಾಯ ಸಂಹಿತೆಯ ಸೆಕ್ಷನ್ 115(2), ಗಡುವು 1 ವರ್ಷ. ಕತ್ತಿ, ಚಾಕುವಿನಂಥ ಆಯುಧದಿಂದ ಸಾಮಾನ್ಯ ಗಾಯವಾದರೆ 118(1), 3 ವರ್ಷ. ಎಲುಬು ಅಥವಾ ಹಲ್ಲು ಮುರಿದರೆ, ಇಲ್ಲವೇ 15 ದಿನ ತೀವ್ರ ನೋವಿನಲ್ಲಿ ಅಥವಾ ದಿನದ ಕೆಲಸ ಮಾಡಲಾಗದೆ ಉಳಿದರೆ ಅದು ಗಂಭೀರ ಗಾಯ. ಅದಕ್ಕೆ 7 ವರ್ಷದವರೆಗೆ ಶಿಕ್ಷೆ, ಆದ್ದರಿಂದ ಗಡುವಿಲ್ಲ. ಹೆಣ್ಣುಮಗಳ ಮಾನಕ್ಕೆ ಕೈಹಾಕಿದ ಹಲ್ಲೆಗೂ (ಸೆಕ್ಷನ್ 74) ಗಡುವಿಲ್ಲ. ಒಂದೇ ಘಟನೆಯಲ್ಲಿ ಹಲವು ಅಪರಾಧ ಸೇರಿ ಒಟ್ಟಿಗೆ ವಿಚಾರಣೆಗೆ ಬಂದರೆ, ಅತಿ ಹೆಚ್ಚು ಶಿಕ್ಷೆ ಇರುವುದರ ಗಡುವೇ ಎಲ್ಲದಕ್ಕೂ.

ಹಾಗಾಗಿ ಎಕ್ಸ್‌ರೇ ತಪ್ಪಿಸಬೇಡಿ. ಬೆರಳಿನ ಸಣ್ಣ ಮುರಿತ ಕಂಡರೂ ಕೇಸಿನ ತೂಕವೇ ಬದಲಾಗುತ್ತದೆ.

ಠಾಣೆಯಲ್ಲಿ

ಜಾಸ್ತಿ ಜನ ಎಡವುವುದು ಇಲ್ಲಿ. ಆಯುಧವಿಲ್ಲದೆ ಕೈಯಲ್ಲಿ ಹೊಡೆದ ಸಾಮಾನ್ಯ ಗಾಯದ ಕೇಸನ್ನು ಮ್ಯಾಜಿಸ್ಟ್ರೇಟರ ಆದೇಶ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಅವರು ಪುಸ್ತಕದಲ್ಲಿ ಬರೆದುಕೊಂಡು ನಿಮ್ಮನ್ನು ಮ್ಯಾಜಿಸ್ಟ್ರೇಟರ ಬಳಿಗೆ ಕಳಿಸುತ್ತಾರೆ. ಗಡುವಿಗೆ ಲೆಕ್ಕವಾಗುವುದು ಎಫ್‌ಐಆರ್ ದಾಖಲಾದ ದಿನ, ಇಲ್ಲವೇ ಮ್ಯಾಜಿಸ್ಟ್ರೇಟರಿಗೆ ದೂರು ಸಲ್ಲಿಸಿದ ದಿನ. ಠಾಣೆಯ ರಸೀದಿ ಕೈಯಲ್ಲಿದೆಯಲ್ಲ ಎಂದು ಸುಮ್ನೆ ಕೂತರೆ ಗಡುವು ಮುಗಿದುಹೋಗುತ್ತದೆ. “ಎಫ್‌ಐಆರ್ ಆಗಿದೆಯಾ?” ಎಂದು ಬಾಯಿಬಿಟ್ಟು ಕೇಳಿ. ಆಗಿದ್ದರೆ ಅದರ ಪ್ರತಿ ಉಚಿತವಾಗಿ ಸಿಗಬೇಕು.

ಹೊಡೆಯುವ ಮೊದಲು ದಾರಿ ಅಡ್ಡಗಟ್ಟಿದ್ದರೆ ಅದನ್ನೂ ದೂರಿನಲ್ಲಿ ಬರೆಯಿರಿ. ದಾರಿ ತಡೆಯುವುದು ಪೊಲೀಸರು ನೇರವಾಗಿ ದಾಖಲಿಸಬಹುದಾದ ಅಪರಾಧ. ಅಂಥದ್ದೊಂದು ಇದ್ದರೆ ಇಡೀ ಪ್ರಕರಣವನ್ನು ಅವರೇ ತನಿಖೆ ಮಾಡಬಹುದು. ನಡೆಯದ್ದನ್ನು ಮಾತ್ರ ಸೇರಿಸಬೇಡಿ. ಎಫ್‌ಐಆರ್ ಆಗಬೇಕಾದ ಕೇಸನ್ನು ಠಾಣೆಯವರು ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ.

ಮಲಯಾಳಂ ಬರೆಯಲು ಬಾರದು ಎಂದು ತಡ ಮಾಡಬೇಡಿ. ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಅಧಿಕಾರಿಗೆ ಕೊಡಬಹುದು ಎಂದು ಸಂವಿಧಾನದ 350ನೇ ವಿಧಿಯೇ ಹೇಳುತ್ತದೆ. ಕನ್ನಡದಲ್ಲೇ ಬರೆದು ಕೊಡಿ.

ದಿನ ಎಣಿಸುವುದು

ಘಟನೆ ನಡೆದ ದಿನವನ್ನು ಬಿಟ್ಟು ಮರುದಿನದಿಂದ ಎಣಿಸಬೇಕು. ಹೊಡೆದವರು ಯಾರೆಂದು ಗೊತ್ತಿಲ್ಲದಿದ್ದರೆ, ಗೊತ್ತಾದ ದಿನದಿಂದ ಲೆಕ್ಕ. ಕೊನೆಯ ದಿನ ಕೋರ್ಟಿಗೆ ರಜೆ ಇದ್ದರೆ, ಕೋರ್ಟು ತೆರೆದ ದಿನ ಸಲ್ಲಿಸಬಹುದು.

ಇನ್ನು ಗಲ್ಫ್ ವಿಷಯ. ಹೊಡೆದವನು ಮಾರನೇ ವಾರವೇ ದುಬೈ ವಿಮಾನ ಹತ್ತಿದ, ಇನ್ನೇನು ಮಾಡುವುದು ಎಂದು ಕೈಬಿಟ್ಟವರು ಇದ್ದಾರೆ. ಆರೋಪಿ ಭಾರತದ ಹೊರಗಿದ್ದ ಕಾಲವನ್ನು ಗಡುವಿನ ಲೆಕ್ಕಕ್ಕೆ ಸೇರಿಸಬಾರದು ಎಂದು ಸುರಕ್ಷಾ ಸಂಹಿತೆಯ 516ನೇ ಸೆಕ್ಷನ್ ಹೇಳುತ್ತದೆ. ತಲೆಮರೆಸಿಕೊಂಡಿದ್ದ ಕಾಲವೂ ಹಾಗೆಯೇ. ಆದರೆ ಪೆಟ್ಟು ತಿಂದ ನೀವು ಗಲ್ಫಿಗೆ ಹೋದರೆ ಈ ವಿನಾಯಿತಿ ಇಲ್ಲ, ಅಲ್ವಾ ಮತ್ತೆ! ಹೊರಡುವ ಮೊದಲು ದೂರು ಕೊಟ್ಟುಬಿಡಿ.

ಗಡುವು ಮೀರಿದ್ದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. ತಡವಾದದ್ದಕ್ಕೆ ಸರಿಯಾದ ಕಾರಣ ತೋರಿಸಿದರೆ ಅಥವಾ ನ್ಯಾಯದ ದೃಷ್ಟಿಯಿಂದ ಅಗತ್ಯ ಎನಿಸಿದರೆ, 519ನೇ ಸೆಕ್ಷನ್ ಪ್ರಕಾರ ಕೋರ್ಟು ಕೇಸು ತೆಗೆದುಕೊಳ್ಳಬಹುದು. ಆಸ್ಪತ್ರೆಯಲ್ಲಿ ಮಲಗಿದ್ದೆ ಎನ್ನುವುದಕ್ಕೆ ದಾಖಲೆ ಇದ್ದರೆ ಮಾತಿಗೆ ಬೆಲೆ. ಇದನ್ನೇ ನಂಬಿ ಕೂರುವುದು ಮಾತ್ರ ಜಾಣತನವಲ್ಲ.

ಆಸ್ಪತ್ರೆ ಖರ್ಚು, ಕೂಲಿ ನಷ್ಟ ಬೇಕೆಂದರೆ ಸಿವಿಲ್ ದಾವೆ ಬೇರೆಯೇ ಹಾಕಬೇಕು. ಅದಕ್ಕೆ ಸಾಮಾನ್ಯವಾಗಿ 3 ವರ್ಷದ ಅವಧಿ. ಕ್ರಿಮಿನಲ್ ಕೇಸು ಮುಗಿಯಲಿ ಎಂದು ಕಾದರೆ ಇದೂ ದಾಟಿಹೋಗಬಹುದು.

ವಕೀಲರ ಫೀಸಿನ ಚಿಂತೆಯೇ? ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಇದೆ. ಉಳಿದ ಬಡವರಿಗೆ ಆದಾಯದ ಮಿತಿ ನೋಡುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ, ಅಥವಾ 15100ಕ್ಕೆ ಫೋನ್ ಮಾಡಿ. ಹೋಗುವಾಗ ಆಸ್ಪತ್ರೆ ಚೀಟಿ, ಠಾಣೆಯ ರಸೀದಿ, ಘಟನೆಯ ತಾರೀಖು ಬರೆದ ಹಾಳೆ ಜೊತೆಗಿರಲಿ.